ಚಳಿಯ ಮುಂಜಾನೆ, ಮೊದಲ ಇಪ್ಪತ್ತು ಸೆಕೆಂಡು

ಹಳೆಯ ಮಾರುತಿ 800 ಓಡಿಸಿದವರಿಗೆ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ, ತಣ್ಣನೆಯ ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವ ಗುಂಡಿ, ನೆನಪಿರುತ್ತದೆ. ಡಿಸೆಂಬರ್ ಮುಂಜಾನೆ ಅದನ್ನು ಎಷ್ಟು ಎಳೆಯಬೇಕು, ಎಂಜಿನ್ ಹಿಡಿದುಕೊಂಡ ಮೇಲೆ ಯಾವಾಗ ಅರ್ಧ ತಳ್ಳಬೇಕು, ಯಾವಾಗ ಪೂರ್ತಿ ಮುಚ್ಚಬೇಕು ಎಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ಕಿವಿ ಹೇಳುತ್ತಿತ್ತು, ಕೈ ಮಾಡುತ್ತಿತ್ತು. ಆ ಕಿವಿ ಮತ್ತು ಕೈಗಳ ಕೆಲಸವನ್ನು ಒಂದು ಪುಟ್ಟ ಕಂಪ್ಯೂಟರಿಗೆ ಕಲಿಸಲು ಹೊರಟಾಗಲೇ ಅದರ ಆಳ ತಿಳಿಯುವುದು.

ಈ ಪಾಠ ಚೆನ್ನಾಗಿ ಕಾಣಿಸುವುದು ಇಂಗ್ಲೆಂಡಿನ ಎಂಜಿಬಿ ಕಾರಿನಲ್ಲಿ. 1962ರಿಂದ 1980ರವರೆಗೆ ಅಬಿಂಗ್ಡನ್ ಊರಿನಲ್ಲಿ ತಯಾರಾದ ಈ ಪುಟ್ಟ ಸ್ಪೋರ್ಟ್ಸ್ ಕಾರಿಗೆ 1798 ಸಿಸಿ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸಲು ಜೋಡಿ ಎಸ್‌ಯು ಕಾರ್ಬ್ಯುರೇಟರ್. ಆರಂಭದ ಮಾದರಿಗಳಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಬರುವ ಜೆಟ್ಟೇ ಕೆಳಗಿಳಿದು, ಅದರೊಳಗಿನ ಮೊನಚು ಸೂಜಿಯ ಸುತ್ತ ಸಂದು ಅಗಲವಾಗುತ್ತಿತ್ತು. ಅಷ್ಟು ಸರಳ. ಆ ಕಾರ್ಬ್ಯುರೇಟರುಗಳನ್ನು ತೆಗೆದು ಇಂಜೆಕ್ಷನ್, ಅಂದರೆ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ, ಕೂರಿಸುವ ಹವ್ಯಾಸಿಗಳಿದ್ದಾರೆ. 2001ರಲ್ಲಿ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ರೂಪಿಸಿದ ಮೆಗಾಸ್ಕ್ವರ್ಟ್ ಎಂಬ ನಿಯಂತ್ರಕ ಬಂದ ಮೇಲೆ, ಬೆಸುಗೆ ಹಾಕಬಲ್ಲ ಯಾರು ಬೇಕಾದರೂ ಮನೆಯ ಶೆಡ್ಡಿನಲ್ಲೇ ಕಾರಿನ ಇಂಧನ ಕಂಪ್ಯೂಟರನ್ನು ಜೋಡಿಸಿಕೊಳ್ಳುವಂತಾಯಿತು. ಬಿಸಿ ಎಂಜಿನ್ನಿನ ಟ್ಯೂನಿಂಗ್ ಕೆಲವು ವಾರಾಂತ್ಯಗಳಲ್ಲಿ ಮುಗಿಯಬಹುದು. ಚಳಿಯ ಸ್ಟಾರ್ಟಿಗೆ ಇಡೀ ಚಳಿಗಾಲ ಬೇಕು.

ಕಾರಣ ಪೆಟ್ರೋಲಿನ ಸ್ವಭಾವದಲ್ಲಿದೆ. ದ್ರವ ಪೆಟ್ರೋಲ್ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಪೆಟ್ರೋಲ್ ಎಂದರೆ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ: ಕೆಲವು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತವೆ, ಕೆಲವಕ್ಕೆ 200 ಡಿಗ್ರಿ ಬೇಕು. ಸೊನ್ನೆ ಡಿಗ್ರಿಯ ಮುಂಜಾನೆ ಹಗುರ ಭಾಗ ಮಾತ್ರ ಆವಿಯಾಗಿ ಸಿಲಿಂಡರ್ ಸೇರುತ್ತದೆ. ಉಳಿದದ್ದು ಗಾಳಿ ಒಳಬರುವ ಕೊಳವೆಯ ತಣ್ಣನೆಯ ಲೋಹದ ಗೋಡೆಗೆ ಮೆತ್ತಿಕೊಂಡು ತೆಳುಪೊರೆಯಾಗಿ ಕೂರುತ್ತದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ಪುಸ್ತಕದ ಲೆಕ್ಕವನ್ನು ನಂಬಿ ಅಷ್ಟೇ ಸಿಂಪಡಿಸಿದರೆ ಎಂಜಿನ್ ಹಸಿದೇ ಇರುತ್ತದೆ. ಹೀಗಾಗಿ ಮೊದಲ ಸುತ್ತುಗಳಲ್ಲಿ ಅದರ ಹಲವು ಪಟ್ಟು ಸುರಿಯಬೇಕು, ಹಗುರ ಭಾಗವೊಂದೇ ಸಾಕಾಗುವಷ್ಟು.

ಸುರಿದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದೇ ತೊಡಕು. ಗೋಡೆಯ ಪೊರೆ ಸಾಲದಂತೆ ಉಳಿದಿರುತ್ತದೆ. ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುವಾಗ ಆ ಕೊಳವೆಯೊಳಗಿನ ಒತ್ತಡ ಹೊರಗಿನ ಗಾಳಿಯಷ್ಟೇ, ಸುಮಾರು 100 ಕಿಲೋಪಾಸ್ಕಲ್. ಎಂಜಿನ್ ಹಿಡಿದು ವೇಗ ಪಡೆದ ಕೂಡಲೇ ಅದು 40ರ ಆಸುಪಾಸಿಗೆ ಕುಸಿಯುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ಒತ್ತಡ ಹೆಚ್ಚಿಸಿ ನೀರು ಬೇಗ ಕುದಿಯದಂತೆ ತಡೆಯುತ್ತೇವೆ. ಇಲ್ಲಿ ಆಗುವುದು ಅದರ ತಿರುವುಮುರುವು. ಒತ್ತಡ ಬಿದ್ದೊಡನೆ ಗೋಡೆಗಂಟಿದ ಪೆಟ್ರೋಲ್ ಆವಿಯಾಗಿ ಎದ್ದು ಬರುತ್ತದೆ. ಒಂದು ಕ್ಷಣದ ಹಿಂದೆ ಹಸಿದಿದ್ದ ಎಂಜಿನ್ ಈಗ ಕಟ್ಟಿಕೊಂಡು ಕೆಮ್ಮುತ್ತದೆ, ಕಪ್ಪು ಹೊಗೆ ಉಗುಳುತ್ತದೆ, ಸ್ಪಾರ್ಕ್ ಪ್ಲಗ್ ಒದ್ದೆಯಾದರೆ ನಿಂತೇ ಹೋಗುತ್ತದೆ.

ಆದ್ದರಿಂದ ಕಂಪ್ಯೂಟರಿಗೆ ಕಲಿಸಬೇಕಾದ ಪಾಠಗಳು ಮೂರು. ಸ್ಟಾರ್ಟರ್ ತಿರುಗುವಾಗ ಎಷ್ಟು ಸಿಂಪಡಿಸಬೇಕು. ಹಿಡಿದುಕೊಂಡ ಮೇಲಿನ ಕೆಲವು ನೂರು ಸುತ್ತುಗಳಲ್ಲಿ ಎಷ್ಟು ಹೆಚ್ಚಿಗೆ ಕೊಟ್ಟು ಹೇಗೆ ಇಳಿಸುತ್ತ ಬರಬೇಕು. ಆಮೇಲೆ ಎಂಜಿನ್ನನ್ನು ತಣಿಸುವ ನೀರು ಬಿಸಿಯಾಗುವವರೆಗಿನ ನಿಮಿಷಗಳಲ್ಲಿ ಎಷ್ಟು ಹೆಚ್ಚುವರಿ ಬೇಕು. ಅನುಭವಸ್ಥರು ಇವನ್ನು ಕೊನೆಯಿಂದ ಮೊದಲಿಗೆ ಹೊಂದಿಸುತ್ತಾರೆ. ಮೊದಲು ಪೂರ್ತಿ ಬಿಸಿಯಾದ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಎಂದು ಕಂಪ್ಯೂಟರ್ ನೋಡಿಕೊಳ್ಳುವ ಅಂಕಿಗಳ ಕೋಷ್ಟಕ, ಬಳಿಕ ಬಿಸಿಯಾಗುವ ಹಂತ, ನಂತರ ಸ್ಟಾರ್ಟ್ ಆದ ಮರುಕ್ಷಣ, ಕಟ್ಟಕಡೆಗೆ ಸ್ಟಾರ್ಟರ್ ತಿರುಗುವ ಹಂತ. ಬಿಸಿಯಾಗುವಾಗಿನ ಹೆಚ್ಚುವರಿ ಎಂದರೆ ಮೂಲ ಕೋಷ್ಟಕದ ಅಂಕಿಯ ಮೇಲಿನ ಶೇಕಡಾವಾರು ಗುಣಾಕಾರ. ಮೂಲವೇ ತಪ್ಪಿದ್ದರೆ ಚಳಿಯ ಅಂಕಿಗಳು ಆ ತಪ್ಪಿಗೆ ತೇಪೆ ಹಚ್ಚುತ್ತ ಕೂರುತ್ತವೆ.

ಇಷ್ಟೆಲ್ಲಕ್ಕೂ ಕಂಪ್ಯೂಟರ್ ಆಧರಿಸುವುದು ಮುಖ್ಯವಾಗಿ ಒಂದು ಚಿಕ್ಕ ಥರ್ಮಿಸ್ಟರನ್ನು. ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಇಳಿಯುತ್ತದೆ, ಅದರಿಂದ ನೀರಿನ ಉಷ್ಣಾಂಶ ತಿಳಿಯುತ್ತದೆ. ಆದರೆ ಪೆಟ್ರೋಲ್ ಬೀಳುವುದು ನೀರಿನ ಮೇಲಲ್ಲ. ಎಂಜಿಬಿಯಲ್ಲಿ ಗಾಳಿ ಒಳಬರುವ ದಾರಿಯೂ ಹೊಗೆ ಹೊರಹೋಗುವ ದಾರಿಯೂ ಎಂಜಿನ್ನಿನ ಒಂದೇ ಬದಿಗಿವೆ. ಹೊಗೆಯ ಬಿಸಿ ಪಕ್ಕದ ಗೋಡೆಗೆ ಬೇಗ ತಾಕುತ್ತದೆ, ನೀರು ಇನ್ನೂ ತಣ್ಣಗಿರುತ್ತದೆ. ಇನ್ನೊಂದು ತೊಡಕೂ ಇದೆ. ನಾಲ್ಕು ಸಿಲಿಂಡರಿಗೆ ಗಾಳಿಯ ಬಾಗಿಲು ಎರಡೇ, ಒಂದು ಬಾಗಿಲಿಗೆ ಇಬ್ಬರು ಒಕ್ಕಲು. ಸಿಲಿಂಡರುಗಳು ಉರಿಯುವ ಕ್ರಮ 1-3-4-2. ಅಂದರೆ ಎರಡನೆಯದು ಉಸಿರೆಳೆದ ಬೆನ್ನಿಗೇ ಅದೇ ಬಾಗಿಲಿನಿಂದ ಒಂದನೆಯದು ಎಳೆಯುತ್ತದೆ, ಆಮೇಲೆ ದೀರ್ಘ ವಿರಾಮ. ವಿರಾಮದಲ್ಲಿ ಕೂಡಿಕೊಂಡ ಪೆಟ್ರೋಲಿನ ಹೆಚ್ಚಿನ ಪಾಲು ಮೊದಲು ಎಳೆದವರಿಗೆ ದಕ್ಕುತ್ತದೆ. ಬಿಸಿ ಎಂಜಿನ್ನಿನಲ್ಲಿ ಈ ತಾರತಮ್ಯವನ್ನು ಹೇಗೋ ಸಹಿಸಬಹುದು. ಚಳಿಯಲ್ಲಿ ಒಂದು ಸಿಲಿಂಡರ್ ತೊಯ್ದಿರುತ್ತದೆ, ಇನ್ನೊಂದು ಒಣಗಿರುತ್ತದೆ.

ಹಾಗಾದರೆ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಇದೆಯಲ್ಲ, ಅದನ್ನೇ ಕೇಳಬಾರದೇಕೆ? ಅದರ ಸೆರಾಮಿಕ್ ನೂರಾರು ಡಿಗ್ರಿ ಕಾದರೆ ಮಾತ್ರ ಕೆಲಸ ಮಾಡುತ್ತದೆ. ತಣ್ಣನೆಯ ಹೊಗೆಕೊಳವೆಯಲ್ಲಿ ನೀರಿನ ಹನಿಗಳಿರುವುದರಿಂದ ಸ್ಟಾರ್ಟಿಗೆ ಮೊದಲೇ ಅದನ್ನು ಕಾಯಿಸುವಂತಿಲ್ಲ. ಕಾದ ಸೆರಾಮಿಕ್ ಮೇಲೆ ಹನಿ ಬಿದ್ದರೆ ಬಿರುಕು ಬಿಡುತ್ತದೆ. ಎಂಜಿನ್ ಹಿಡಿದು ಹತ್ತಿಪ್ಪತ್ತು ಸೆಕೆಂಡು ಕಳೆದ ಮೇಲಷ್ಟೇ ಅದು ಬಾಯಿ ತೆರೆಯುತ್ತದೆ. ನಮಗೆ ಉತ್ತರ ಬೇಕಿದ್ದದ್ದು ಸರಿಯಾಗಿ ಆ ಸೆಕೆಂಡುಗಳ ಬಗ್ಗೆ. ಬಾಯಿ ತೆರೆದ ಮೇಲೂ ಅದರ ಮಾತು ದಾರಿ ತಪ್ಪಿಸಬಹುದು. ಪೆಟ್ರೋಲ್ ಅತಿಯಾಗಿ ಸಿಲಿಂಡರ್ ಉರಿಯದೆ ಹೋದರೆ ಅದರ ಆಮ್ಲಜನಕ ಬಳಕೆಯಾಗದೆ ಹೊರಬರುತ್ತದೆ. ಸೆನ್ಸರ್ ಅದನ್ನು ಕಂಡು ‘ಪೆಟ್ರೋಲ್ ಸಾಲದು’ ಎನ್ನುತ್ತದೆ. ಅದನ್ನು ನಂಬಿ ಇನ್ನಷ್ಟು ಸುರಿಯುವವರು ಮುಳುಗುತ್ತಿರುವವನಿಗೆ ನೀರು ಕುಡಿಸಿದಂತೆ. ಇಂಥ ಹೊತ್ತಿನಲ್ಲಿ ನಾನು ನಂಬುವುದು ಮೂಗನ್ನು, ಪ್ಲಗ್ಗಿನ ಬಣ್ಣವನ್ನು.

ಬ್ಯಾಟರಿಯೂ ಸಾಕ್ಷ್ಯ ತಿರುಚುತ್ತದೆ. ಚಳಿಗೆ ಎಣ್ಣೆ ಮಂದವಾಗಿ ಸ್ಟಾರ್ಟರ್ ಏದುಸಿರು ಬಿಡುವಾಗ ವೋಲ್ಟೇಜ್ ಹತ್ತಕ್ಕಿಂತ ಕೆಳಗಿಳಿಯಬಹುದು. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಕವಾಟ ತೆರೆದುಕೊಳ್ಳಲು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನಷ್ಟು ಬೇಕು. ವೋಲ್ಟೇಜ್ ಇಳಿದಂತೆ ಆ ವಿಳಂಬ ಬೆಳೆಯುತ್ತದೆ. ಇದರ ತಿದ್ದುಪಡಿ ಸರಿಯಿಲ್ಲದಿದ್ದರೆ ತಪ್ಪು ಪೂರ್ತಿ ಚಳಿಯ ಕೋಷ್ಟಕದ ತಲೆಗೆ ಬರುತ್ತದೆ. ಹೊಸ ಬ್ಯಾಟರಿ ಹಾಕಿದ ದಿನ ‘ಚೆನ್ನಾಗಿದ್ದ’ ಟ್ಯೂನಿಂಗ್ ಕೆಡುವುದು ಹೀಗೆ.

ಜರ್ಮನಿಯ ಬಾಷ್ ಕಂಪನಿ, ಬೆಂಗಳೂರಿನವರಿಗೆ ಆಡುಗೋಡಿಯ ಮೈಕೋ ಕಾರ್ಖಾನೆಯಿಂದ ಪರಿಚಿತವಾದ ಅದೇ ಬಾಷ್, ತನ್ನ ಜೆಟ್ರಾನಿಕ್ ಎಂಬ ಇಂಜೆಕ್ಷನ್ ವ್ಯವಸ್ಥೆಗಳಲ್ಲಿ ಚಳಿಯ ಸ್ಟಾರ್ಟಿಗೊಂದು ಚಂದದ ಉಪಾಯ ಮಾಡಿತ್ತು. ಚಳಿಗೆಂದೇ ಪ್ರತ್ಯೇಕ ಇಂಜೆಕ್ಟರ್, ಅದನ್ನು ಆಳಲು ದ್ವಿಲೋಹ ಪಟ್ಟಿಯ ಒಂದು ಸ್ವಿಚ್. ಸ್ಟಾರ್ಟರ್ ತಿರುಗುವಾಗ ಆ ಪಟ್ಟಿಯನ್ನು ವಿದ್ಯುತ್ ಕಾಯಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅದು ಬಾಗಿ ಹೆಚ್ಚುವರಿ ಪೆಟ್ರೋಲನ್ನು ನಿಲ್ಲಿಸುತ್ತದೆ. ಗೋಡೆಯ ಸಾಲವನ್ನು ಅಳೆಯಲಾಗದು, ಹಾಗಾಗಿ ಸಾಲ ಕೊಡುವ ಅವಧಿಗೇ ಮಿತಿ ಹಾಕೋಣ ಎಂಬ ಯೋಚನೆ. ನನಗೆ ಇದು ಬಹಳ ಮೆಚ್ಚಿಗೆಯಾದ ಎಂಜಿನಿಯರಿಂಗ್.

ಮೆಗಾಸ್ಕ್ವರ್ಟ್ ಹಿಡಿದು ಕೂತವರು ಇದೇ ಜಾಣತನವನ್ನು ಒಂದೊಂದೇ ಮುಂಜಾನೆಯಿಂದ ಗಳಿಸಬೇಕು. ಒಮ್ಮೆ ಸ್ಟಾರ್ಟ್ ಆದ ಎಂಜಿನ್ ಪೂರ್ತಿ ತಣಿಯಲು ರಾತ್ರಿಯೆಲ್ಲ ಬೇಕು. ದಿನಕ್ಕೆ ಒಂದೇ ಪ್ರಯೋಗ. ಇಂದು ಎರಡು ಅಂಕಿ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತೆಂದು ನಾಳೆ ತಿಳಿಯದು. ಪೆಟ್ರೋಲೂ ನಡುವೆ ಬದಲಾಗುತ್ತದೆ: ಬ್ರಿಟನ್ನಿನಲ್ಲಿ ಚಳಿಗಾಲಕ್ಕೆ ಬೇಗ ಆವಿಯಾಗುವ ಪೆಟ್ರೋಲ್ ಮಾರುತ್ತಾರೆ, ಬೇಸಿಗೆಗೆ ಬೇರೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಿಂದ ಹಗುರ ಭಾಗ ಹಾರಿಹೋಗಿರುತ್ತದೆ. ಆಗ ಕೋಷ್ಟಕ ಅದೇ, ಉಷ್ಣಾಂಶ ಅದೇ, ಎಂಜಿನ್ ಮಾತ್ರ ಹಿಡಿಯುವುದಿಲ್ಲ.

ಅದಕ್ಕೇ ಅವರು ಪುಸ್ತಕವೊಂದನ್ನು ಇಟ್ಟುಕೊಳ್ಳುತ್ತಾರೆ: ದಿನಾಂಕ, ಉಷ್ಣಾಂಶ, ಎಷ್ಟು ಸೆಕೆಂಡಿಗೆ ಹಿಡಿಯಿತು, ಕೆಮ್ಮಿತೇ, ಹೊಗೆಯ ಬಣ್ಣವೇನು. ಹತ್ತು ಡಿಗ್ರಿಯ ಸಾಲು ಬೇಗ ತುಂಬುತ್ತದೆ, ಐದರದ್ದು ಜನವರಿಯಲ್ಲಿ. ಮಾರ್ಚ್ ಕಳೆಯುವಾಗ ಸೊನ್ನೆಯ ಕೆಳಗಿನ ಸಾಲಿನಲ್ಲಿ ಬಹುಶಃ ಎರಡೇ ಮುಂಜಾನೆಗಳ ಬರಹವಿರುತ್ತದೆ, ಮುಂದಿನ ಮನೆಗಳು ಡಿಸೆಂಬರಿಗಾಗಿ ಖಾಲಿ.