ಮುಷ್ಟಿ ಬಿಗಿದ ಮಾತ್ರಕ್ಕೆ ಕೈಗೆ ಬಲ ಬಂದಂತಲ್ಲ

ಪಾರ್ಶ್ವವಾಯುವಾಗಿ ಒಂದೆರಡು ವರ್ಷ ಕಳೆದವರು ವ್ಯಾಯಾಮ ಕಲಿಯಲು ನನ್ನ ಬಳಿ ಬಂದಾಗ ಅವರ ಜೊತೆಗೆ ಅನೇಕ ಸಲ ಒಂದು ರಬ್ಬರ್ ಚೆಂಡೂ ಬರುತ್ತದೆ. ದಿನಕ್ಕೆ ನೂರಾರು ಸಲ ಅದನ್ನು ಹಿಸುಕುತ್ತಾರೆಂದು, ಹಿಡಿತ ಮೊದಲಿಗಿಂತ ಗಟ್ಟಿಯಾಗಿದೆಯೆಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಚೆಂಡನ್ನು ಕೆಳಗಿಡಿ ಎಂದರೆ ಬೆರಳು ಬಿಡಿಸಲು ಇನ್ನೊಂದು ಕೈ ಬೇಕಾಗುತ್ತದೆ. ಅವರಿಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟವಾಗಿತ್ತು. ಅಷ್ಟು ದಿನದ ಶ್ರಮ ಅಗತ್ಯವಿಲ್ಲದ ಕಡೆಗೆ ಹರಿದುಹೋಯಿತಲ್ಲ ಎಂದು ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ತಿಣುಕಿದಷ್ಟೂ ಬೇಗ ಗುಣವಾಗುತ್ತದೆ ಎಂಬ ನಂಬಿಕೆಯನ್ನು ಬಿಡಿಸುವುದೇ ನನ್ನ ವೃತ್ತಿಯ ಅರ್ಧ ಕೆಲಸ. ಮೆದುಳಿನಿಂದ ಕೈಕಾಲುಗಳಿಗೆ ಸೂಕ್ಷ್ಮ ಚಲನೆಯ ಆದೇಶ ಒಯ್ಯುವ ನರಮಾರ್ಗಕ್ಕೆ ಪೆಟ್ಟು ಬಿದ್ದಾಗ, ಮೆದುಳುಕಾಂಡದಿಂದ ಇಳಿದು ಬರುವ ಬೇರೆ ಮಾರ್ಗಗಳ ಪ್ರಭಾವ ಹೆಚ್ಚುತ್ತದೆ. ಅವು ಒಂದೊಂದು ಸ್ನಾಯುವನ್ನು ಬೇರೆಬೇರೆಯಾಗಿ ನಡೆಸಲಾರವು; ಗುಂಪುಗುಂಪಾಗಿ ಎಬ್ಬಿಸುತ್ತವೆ. ಆದ್ದರಿಂದಲೇ ಹಲ್ಲು ಕಚ್ಚಿ, ಉಸಿರು ಕಟ್ಟಿ ಕಾಲೆತ್ತಲು ಹೊರಟವರ ಮೊಣಕೈ ತಾನಾಗಿ ಮಡಚಿಕೊಂಡು ಕೈ ಎದೆಗೆ ಏರುತ್ತದೆ. ನೋಡಿದವರು ಕೈಗೆ ಜೀವ ಬಂತೆಂದು ಸಂತೋಷಪಡುತ್ತಾರೆ. ಆದರೆ ಅದು ಅವರು ಬೇಕೆಂದು ಮಾಡಿದ ಚಲನೆಯಲ್ಲ, ಅತಿಯಾದ ಶ್ರಮ ಬೇರೆ ಕಡೆ ಸೋರಿಹೋದುದರ ಗುರುತು. ಬಲವರ್ಧನೆಯ ವ್ಯಾಯಾಮವೇ ಸ್ನಾಯುಬಿಗಿತವನ್ನು ಹೆಚ್ಚಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಹಳೆಯ ಭಯಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ, ಬಲ ಖಂಡಿತ ಬೇಕು. ಆದರೆ ಮೆದುಳು ಯಾವುದನ್ನು ಪದೇಪದೇ ಮಾಡುತ್ತದೆಯೋ ಅದನ್ನೇ ಕಲಿಯುತ್ತದೆ, ತಪ್ಪು ಚಲನೆಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಯುತ್ತದೆ.

ನಾನು ಪಿಲಾಟೆಸ್ ಎಂಬ ವ್ಯಾಯಾಮ ಪದ್ಧತಿಯ ಕಡೆಗೆ ವಾಲಿದ್ದು ಈ ಕಾರಣದಿಂದ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟೆಸ್ ತನ್ನ ಪದ್ಧತಿಗೆ ಇಟ್ಟಿದ್ದ ಹೆಸರು ‘ಕಂಟ್ರಾಲಜಿ’, ಅಂದರೆ ನಿಯಂತ್ರಣದ ವಿದ್ಯೆ. ಆದರೂ ಆತನ ಮೂಲ ವ್ಯಾಯಾಮಗಳನ್ನು ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಇದ್ದಂತೆಯೇ ಕೊಡುವುದು ಸಲ್ಲದು. ಅಂಗಾತ ಮಲಗಿ ತಲೆ ಮತ್ತು ಎರಡೂ ಕಾಲುಗಳನ್ನು ಎತ್ತಿ ಹಿಡಿದು ನೂರರವರೆಗೆ ಎಣಿಸುವ ಪ್ರಸಿದ್ಧ ವ್ಯಾಯಾಮವನ್ನು ನಾನು ಇವರಿಗೆ ಹೇಳಿಕೊಡುವುದೇ ಇಲ್ಲ. ಅದರಲ್ಲಿ ಉಸಿರು ಕಟ್ಟದೆ ಇರುವುದು ಹೆಚ್ಚಿನವರಿಗೆ ಸಾಧ್ಯವಿಲ್ಲ, ಉಸಿರು ಕಟ್ಟಿ ತಿಣುಕಿದರೆ ರಕ್ತದೊತ್ತಡ ಏರುತ್ತದೆ. ಬದಲಿಗೆ ಮಂಡಿ ಮಡಚಿ, ದುರ್ಬಲ ಭುಜದ ಕೆಳಗೆ ದಿಂಬಿಟ್ಟು ಮಲಗಿ, ಉಸಿರು ಬಿಡುತ್ತಾ ಸೊಂಟವನ್ನು ತುಸುವೇ ಹಿಂದಕ್ಕೂ ಮುಂದಕ್ಕೂ ಹೊರಳಿಸುವುದರಿಂದ ಆರಂಭಿಸುತ್ತೇನೆ. ಇದೂ ಒಂದು ವ್ಯಾಯಾಮವೇ ಎಂದು ಕೇಳುವವರಿದ್ದಾರೆ. ಬೆನ್ನು, ಹೊಟ್ಟೆ, ಸೊಂಟಗಳು ಸ್ಥಿರವಾಗಿ ನಿಲ್ಲದಿದ್ದರೆ ಕೈಚಾಚಲು ಹೊರಟವರು ಇಡೀ ದೇಹವನ್ನೇ ವಾಲಿಸಿಬಿಡುತ್ತಾರೆ; ಆಗ ಕೈಗೆ ಕಲಿಯುವ ಅವಕಾಶವೇ ಸಿಗುವುದಿಲ್ಲ.

ಕೆಲವು ತಿಂಗಳ ಹಿಂದೆ ಎಡಭಾಗಕ್ಕೆ ಲಕ್ವ ಹೊಡೆದಿದ್ದ ಹಿರಿಯರೊಬ್ಬರು ಕುರ್ಚಿಯಲ್ಲಿ ಕುಳಿತು ಎಡಗಾಲು ಎತ್ತುತ್ತಿದ್ದರು, ಪಕ್ಕದಲ್ಲಿ ಮಗ ಎಣಿಸುತ್ತಿದ್ದ. ಹದಿನೈದು ದಾಟುವ ಹೊತ್ತಿಗೆ ಅವರ ಮುಖ ಕೆಂಪಾಗಿ, ದೇಹ ಬಲಕ್ಕೆ ವಾಲಿ, ಎಡಗೈ ಮುಷ್ಟಿ ಬಿಗಿದು ಅಂಗಿಯ ಗುಂಡಿಯ ತನಕ ಏರಿತ್ತು. ಎಣಿಕೆ ನಿಲ್ಲಿಸಲು ಹೇಳಿ, ಎರಡೂ ಪೃಷ್ಠಗಳ ಮೇಲೆ ಸಮನಾಗಿ ಭಾರ ಹಾಕಿಸಿ, ಬಾಯಿಂದ ನಿಧಾನವಾಗಿ ಉಸಿರು ಬಿಡುತ್ತಾ ಹಿಮ್ಮಡಿಯನ್ನಷ್ಟೇ ನೆಲದಿಂದ ಒಂದು ಬೆರಳಿನಷ್ಟು ಎತ್ತಿ ಎಂದೆ. ಮೂರನೆಯ ಸಲ ಎತ್ತುವಾಗ ಅವರ ಹೆಂಡತಿ ಮೆಲ್ಲನೆ, “ಕೈ ತೊಡೆಯ ಮೇಲೇ ಇದೆ ನೋಡ್ರೀ” ಎಂದರು. ಮಗನಿಗೆ ಮಾತ್ರ ಮೂರೇ ಸಲವೇ ಎಂಬ ಅಸಮಾಧಾನ. ಎಣಿಕೆಯನ್ನು ನಿಧಾನವಾಗಿ ಹೆಚ್ಚಿಸೋಣ, ಆದರೆ ತಂದೆಯವರ ಕೈ ತೊಡೆ ಬಿಟ್ಟು ಏಳತೊಡಗಿದೊಡನೆ ಆ ಸುತ್ತು ಮುಗಿಯಿತೆಂದು ತಿಳಿಯಿರಿ ಎಂದು ಆತನಿಗೆ ಹೇಳಿದೆ.

ಪಿಲಾಟೆಸ್‌ನಲ್ಲಿ ಬಳಸುವ, ಸ್ಪ್ರಿಂಗ್‌ಗೆ ಕಟ್ಟಿದ ಜಾರುವ ಹಾಸು ಇರುವ ರಿಫಾರ್ಮರ್ ಯಂತ್ರದ ಬಗ್ಗೆಯೂ ಇದೇ ತಪ್ಪು ಕಲ್ಪನೆ ಇದೆ. ಹೆಚ್ಚು ಸ್ಪ್ರಿಂಗ್ ಹಾಕಿದರೆ ಹೆಚ್ಚು ಲಾಭ ಎನ್ನುತ್ತಾರೆ. ಮಲಗಿ ಕಾಲಿನಿಂದ ತಳ್ಳುವಾಗ ಬಿಗಿಯಾದ ಸ್ಪ್ರಿಂಗ್ ಇದ್ದರೆ ಗಟ್ಟಿ ಕಾಲೇ ಕೆಲಸ ಮುಗಿಸಿಬಿಡುತ್ತದೆ, ದುರ್ಬಲ ಕಾಲು ಜೊತೆಗೆ ಸಾಗಿಬಂದಿರುತ್ತದೆ ಅಷ್ಟೆ. ನಾನು ಸ್ಪ್ರಿಂಗ್ ಇಳಿಸಿ, ಹಾಸು ಮರಳಿ ಬರುವಾಗ ಸದ್ದಾಗದಂತೆ ದುರ್ಬಲ ಕಾಲಿನಿಂದಲೇ ತಡೆಯಲು ಹೇಳುತ್ತೇನೆ. ಹಾಸು ಢಬ್ ಎಂದು ಬಡಿಯಿತೆಂದರೆ ಕಾಲು ಕೆಲಸ ಬಿಟ್ಟಿತೆಂದೇ ಲೆಕ್ಕ.

ಚೇತರಿಕೆ ಮೊದಲ ಕೆಲವು ತಿಂಗಳುಗಳಲ್ಲಿ ವೇಗವಾಗಿರುತ್ತದೆ ಎಂಬುದು ನಿಜ. ಆಮೇಲೆ ಬಾಗಿಲು ಮುಚ್ಚುತ್ತದೆ ಎಂಬುದು ನಿಜವಲ್ಲ. ಆದರೂ ಪಿಲಾಟೆಸ್ ಫಿಸಿಯೋಥೆರಪಿಗೆ ಬದಲಿಯಲ್ಲ, ಈ ಕುರಿತ ಅಧ್ಯಯನಗಳು ಇನ್ನೂ ಸಣ್ಣವು, ಎಲ್ಲರಿಗೂ ಒಂದೇ ಫಲ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ವೈದ್ಯರ ಒಪ್ಪಿಗೆಯಿಲ್ಲದೆ, ರಕ್ತದೊತ್ತಡ ಹತೋಟಿಯಲ್ಲಿಲ್ಲದೆ ಆರಂಭಿಸಬೇಡಿ. ಮುಖ ಹೊಸದಾಗಿ ಸೊಟ್ಟಗಾದರೆ, ಮಾತು ತೊದಲಿದರೆ, ಇದ್ದ ಬಲ ಇದ್ದಕ್ಕಿದ್ದಂತೆ ಕುಗ್ಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು ವಿಷಯವನ್ನು ಮನೆಯವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ಎಬ್ಬಿಸುವಾಗ ದುರ್ಬಲ ಕೈಯನ್ನು ಹಿಡಿದು ಎಳೆಯಬೇಡಿ, ಆ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಗಟ್ಟಿ ಕಾಲನ್ನು ತುಸು ಮುಂದಿಟ್ಟು, ದುರ್ಬಲ ಕಾಲನ್ನು ಹಿಂದಕ್ಕೆ ಸರಿಸಿ, ದುರ್ಬಲ ಬದಿಯಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಿ. ಉಸಿರು ಬಿಡುತ್ತಾ ಮುಂದಕ್ಕೆ ಬಾಗಿ ಅವರೇ ಏಳಲಿ, ಅದಕ್ಕೆ ಎಷ್ಟು ಹೊತ್ತು ಹಿಡಿದರೂ ಕಾಯಿರಿ.