ಉರುಳಿಸುವ ಮೊದಲು ಬಾಗಿಲಿನ ಸಂದು ನೋಡಿ

ಹಳೆಯ ಪದ್ಮಿನಿಯನ್ನೋ ಅಂಬಾಸಿಡರನ್ನೋ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿಸಬೇಕೆಂದು ಬರುವವರು ಈಚೆಗೆ ಮೊದಲು ಕೇಳುವುದು, ‘ನಿಮ್ಮಲ್ಲಿ ರೋಟಿಸರಿ ಇದೆಯೇ ಸರ್?’ ಎಂದು. ರೋಟಿಸರಿ ಎಂದರೆ ಕಾರಿನ ಬಾಡಿಯನ್ನು ಎರಡೂ ತುದಿಯಲ್ಲಿ ಹಿಡಿದು ಉರುಳಿಸುವ ಸ್ಟ್ಯಾಂಡು. ಅವರು ವಿಡಿಯೊ ನೋಡಿಕೊಂಡೇ ಬಂದಿರುತ್ತಾರೆ. ಎರಡು ಕಂಬಗಳ ನಡುವೆ ಕಾರಿನ ಬರಿಯ ಬಾಡಿ ನಿಂತಿರುತ್ತದೆ, ಒಬ್ಬನೇ ಮನುಷ್ಯ ಅದನ್ನು ನಿರಾಯಾಸವಾಗಿ ಮಗುಚಿ ತಳವನ್ನು ಎದೆಮಟ್ಟಕ್ಕೆ ತಂದುಕೊಳ್ಳುತ್ತಾನೆ. ಇದೆ ಎನ್ನುತ್ತೇನೆ. ಆದರೆ ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ: ‘ಕಾರಿನ ನಾಲ್ಕೂ ಬಾಗಿಲುಗಳು ಎತ್ತಿ ಒತ್ತದೆ ತಾವಾಗಿಯೇ ಹಾಕಿಕೊಳ್ಳುತ್ತವೆಯೇ?’

ಬಾಗಿಲು ಉಜ್ಜುತ್ತದೆ ಎಂದರೆ ಆ ಬಾಡಿ ಆಗಲೇ ಜಗ್ಗಿದೆ ಎಂದು ಅನುಮಾನಿಸಬೇಕು. ಅಂಥದ್ದನ್ನು ನೇರವಾಗಿ ರೋಟಿಸರಿಗೆ ಏರಿಸುವುದನ್ನು ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ರೋಟಿಸರಿ ಇರುವುದು ಗಟ್ಟಿಯಾದ ಬಾಡಿಯ ಮೇಲೆ ಅನುಕೂಲವಾಗಿ ಕೆಲಸ ಮಾಡುವುದಕ್ಕೆ. ತುಕ್ಕು ತಿಂದ ಬಾಡಿಗೆ ಬಲ ಕೊಡುವ ಶಕ್ತಿ ಅದಕ್ಕಿಲ್ಲ.

ಹಳೆಯ ವಿಲ್ಲಿಸ್ ಜೀಪಿನಲ್ಲಿ ಭಾರ ಹೊರುವುದು ಚಾಸಿಸ್, ಅಂದರೆ ಅಡಿಯ ಉಕ್ಕಿನ ಚೌಕಟ್ಟು. ಬಾಡಿ ಅದರ ಮೇಲೆ ಬೋಲ್ಟುಗಳಲ್ಲಿ ಕೂತಿರುತ್ತದೆ ಅಷ್ಟೆ. ಪದ್ಮಿನಿ ಹಾಗಲ್ಲ. ಅದರ ಮೂಲವಾದ ಫಿಯೆಟ್ 1100 ಕಾರು 1953ರಲ್ಲಿ ಜಿನೀವಾದಲ್ಲಿ ಹೊರಬಂದಾಗಲೇ ಅದಕ್ಕೆ ಪ್ರತ್ಯೇಕ ಚಾಸಿಸ್ ಇರಲಿಲ್ಲ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಡಿಲೈಟ್, ಪ್ರೆಸಿಡೆಂಟ್, ಆಮೇಲಿನ ಪದ್ಮಿನಿ ಎಲ್ಲವೂ ಅದೇ ರಚನೆಯವು. ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಿಡರ್ ಕೂಡ ಅಷ್ಟೆ. ಫ್ಲೋರ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಬಾಗಿಲುಗಳ ಪಕ್ಕದ ಕಂಬಗಳಾದ ಪಿಲ್ಲರ್, ಛಾವಣಿ ಎಲ್ಲ ಸೇರಿ ಒಂದು ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಒಳಗಿನ ತಟ್ಟೆ ತೆಗೆದ ಬೆಂಕಿಪೊಟ್ಟಣದ ಹೊರಕವಚವನ್ನು ಬೆರಳಲ್ಲಿ ಒತ್ತಿ ನೋಡಿದರೆ, ಫ್ಲೋರ್ ಕಳೆದುಕೊಂಡ ಪದ್ಮಿನಿಯ ಸ್ಥಿತಿ ಏನೆಂದು ತಿಳಿಯುತ್ತದೆ.

ಗಾಲಿಯ ಮೇಲೆ ನಿಂತ ಕಾರಿನ ಭಾರ ಇಳಿಯುವುದು ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ. ರೋಟಿಸರಿಯ ಹಿಡಿತ ಸಾಮಾನ್ಯವಾಗಿ ಬಂಪರ್ ಬೋಲ್ಟುಗಳ ಜಾಗದಲ್ಲಿ, ಅಂದರೆ ಎರಡು ತುತ್ತತುದಿಗಳಲ್ಲಿ. ನಡುವೆ ಆಸರೆಯಿಲ್ಲದ ಉದ್ದ ಹೆಚ್ಚಾಯಿತು. ರನ್ನಿಂಗ್ ಬೋರ್ಡ್ ಒಳಗೊಳಗೇ ತುಕ್ಕು ಹಿಡಿದು ಟೊಳ್ಳಾಗಿದ್ದರೆ ನಡುಭಾಗ ಕೆಳಗೆ ಜಗ್ಗುತ್ತದೆ. ಆಗ ಬಾಗಿಲ ಚೌಕಟ್ಟು ಮೇಲ್ಭಾಗದಲ್ಲಿ ಕಿರಿದಾಗಿ ಕೆಳಭಾಗದಲ್ಲಿ ಅಗಲವಾಗುತ್ತದೆ. ಬಾಡಿಯನ್ನು ಮಗುಚಿದಾಗ ಎಳೆತ ತಿರುವುಮುರುವಾಗುತ್ತದೆ. ಹೀಗೆ ಒಂದೊಂದು ಸಲ ಉರುಳಿಸಿದಾಗಲೂ ದುರ್ಬಲ ಜಾಗದ ತಗಡು ಆಚೆ ಈಚೆ ಮಣಿಯುತ್ತದೆ. ಜಗ್ಗಿದ ಸ್ಥಿತಿಯಲ್ಲೇ ಹೊಸ ತಗಡು ಬೆಸೆದರೆ ಆ ಸೊಟ್ಟು ಕಾಯಂ ಆಗುತ್ತದೆ. ಕೆಲವೇ ಮಿಲಿಮೀಟರ್ ಸಾಕು, ಪೇಂಟ್ ಎಲ್ಲ ಮುಗಿದು ಮುಂದಿನ ಗಾಜು ಕೂರಿಸುವ ದಿನ ಒಂದು ಮೂಲೆಯಲ್ಲಿ ರಬ್ಬರ್ ಎದ್ದು ನಿಲ್ಲುತ್ತದೆ, ಹಿಂದಿನ ಬಾಗಿಲು ಪಿಲ್ಲರಿಗೆ ತಾಗಿ ಹೊಸ ಬಣ್ಣ ಕಿತ್ತುಕೊಳ್ಳುತ್ತದೆ. ಆ ಹೊತ್ತಿಗೆ ಮಾಲೀಕರ ಹಣವೂ ಉತ್ಸಾಹವೂ ಕರಗಿರುತ್ತವೆ. ಬೇರೆಡೆ ಈ ಗತಿಗೆ ಬಂದು ನಮ್ಮ ಶೆಡ್ಡಿಗೆ ತಲುಪಿದ ಕಾರುಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ, ಏಕೆಂದರೆ ಹೊಸದಾಗಿ ಬೆಸೆದದ್ದನ್ನೇ ಮತ್ತೆ ಕತ್ತರಿಸಬೇಕು.

ಆದ್ದರಿಂದ ಎಂಜಿನ್ ಇಳಿಸುವ ಮೊದಲೇ, ಕಾರು ತನ್ನ ಗಾಲಿಗಳ ಮೇಲೆ ಸಮನೆಲದಲ್ಲಿ ನಿಂತಿರುವಾಗಲೇ ಅಳತೆ ಆಗಬೇಕು. ಪ್ರತಿ ಬಾಗಿಲ ಸುತ್ತಲಿನ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಬಾಗಿಲು ಬಿಚ್ಚಿದ ಮೇಲೆ ಚೌಕಟ್ಟಿನ ಎರಡೂ ಕರ್ಣಗಳನ್ನು ಅಳೆಯುತ್ತೇನೆ. ತಳದ ಗುರುತಿನ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕೆ ಹಾಕಿ, ಎಡದಿಂದ ಬಲಕ್ಕೆ ಓರೆಯಾಗಿ ಟೇಪು ಎಳೆದರೆ ಬಾಡಿ ತಿರುಚಿದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಹಳೆಯ ಅಪಘಾತವೊಂದು ಪುಟ್ಟಿಯ ಕೆಳಗೆ ಅಡಗಿದ್ದರೆ ಅದೂ ಇಲ್ಲಿಯೇ ಸಿಕ್ಕಿಬೀಳುತ್ತದೆ.

ನಂತರ ಒಳಗೆ ಅಡ್ಡಪೈಪುಗಳ ಆಧಾರ. 25 ಮಿಲಿಮೀಟರಿನ ಚೌಕ ಪೈಪು ಸಾಕು. ಪೈಪಿನ ಗಾತ್ರಕ್ಕಿಂತ ಅದು ಎಲ್ಲಿ ಕೂರುತ್ತದೆ ಎಂಬುದು ಮುಖ್ಯ. ಮುಂದಿನ ಪಿಲ್ಲರಿನಿಂದ ನಡುಪಿಲ್ಲರಿಗೆ, ಅಲ್ಲಿಂದ ಹಿಂದಿನದಕ್ಕೆ, ಎಡ ಪಿಲ್ಲರಿನಿಂದ ಬಲಕ್ಕೆ, ಜೊತೆಗೆ ಓರೆಯಾಗಿ ಒಂದೆರಡು. ಪಿಲ್ಲರಿನ ತಗಡು ತೆಳು, ಪೈಪನ್ನು ನೇರವಾಗಿ ಬೆಸೆದರೆ ಸುಟ್ಟು ತೂತಾಗುತ್ತದೆ. ಅದಕ್ಕೆ ಮೊದಲು ಅಂಗೈಗಿಂತ ಚಿಕ್ಕದೊಂದು ಪಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದು, ಅದರ ಮೇಲೆ ಪೈಪು ಕೂರಿಸುತ್ತೇವೆ. ಕೆಲಸ ಮುಗಿದ ಮೇಲೆ ಗ್ರೈಂಡರಿನಲ್ಲಿ ಆ ಚುಕ್ಕೆಗಳನ್ನು ಸವರಿದರೆ ಗುರುತೂ ಉಳಿಯುವುದಿಲ್ಲ. ಪೈಪುಗಳು ಚೌಕಟ್ಟಿನ ಒಳಬದಿಯಲ್ಲಿರಲಿ, ಆಗ ಬಾಗಿಲನ್ನು ಮತ್ತೆ ಮತ್ತೆ ತೂಗುಹಾಕಿ ಸಂದು ನೋಡಬಹುದು. ಹೇಗಿದ್ದರೂ ಕಿತ್ತುಹಾಕಬೇಕಾದ ಫ್ಲೋರಿಗೆ ಅವುಗಳನ್ನು ಬೆಸೆಯಬೇಡಿ.

ರನ್ನಿಂಗ್ ಬೋರ್ಡಿನ ಕೆಲಸವನ್ನೂ ನಾನು ನೆಲದ ಮೇಲೆಯೇ ಮುಗಿಸುತ್ತೇನೆ. ಸಸ್ಪೆನ್ಷನ್ ಕೂರುವ ಜಾಗಗಳ ಕೆಳಗೆ ಸ್ಟ್ಯಾಂಡು ಕೊಟ್ಟು, ರಸಮಟ್ಟದಲ್ಲಿ ನೇರ ನೋಡಿ, ಒಂದು ಬದಿ ಪೂರ್ತಿ ಬೆಸೆದಾದ ಮೇಲೆಯೇ ಇನ್ನೊಂದು ಬದಿಯನ್ನು ಕತ್ತರಿಸುವುದು. ಎರಡನ್ನೂ ಒಟ್ಟಿಗೆ ಬಿಚ್ಚುವ ಆತುರಕ್ಕೆ ನಮ್ಮ ಶೆಡ್ಡಿನಲ್ಲಿ ಅವಕಾಶವಿಲ್ಲ.

ಇಷ್ಟಾದ ಮೇಲೆ ರೋಟಿಸರಿಯ ಸರದಿ. ಬಂಪರಿನ ಬೋಲ್ಟು ಕೂರುವ ಜಾಗವನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಎಂದರೆ ಸರಿ, ಮಂದವಾದ ಸದ್ದು ಬಂದರೆ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ತಗಡು ಒಳಗೆ ಹೋದರೆ ಆ ಜಾಗವನ್ನು ನಂಬಬೇಡಿ. ಹಿಂದೆ ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್, ಮುಂದೆ ಸಸ್ಪೆನ್ಷನ್ ಹೊರುವ ಅಡ್ಡತೊಲೆಯಾದ ಕ್ರಾಸ್ ಮೆಂಬರಿನ ಬೋಲ್ಟುಗಳು ಗಟ್ಟಿಯಾಗಿದ್ದರೆ ಅಲ್ಲಿಂದ ಹಿಡಿಯುವ ತೋಳು ಮಾಡಿಸಿ. ಹಿಡಿತ ಹಾಗೆ ಒಳಗೆ ಬಂದಷ್ಟೂ ಜಗ್ಗಾಟ ಕಡಿಮೆ.

ಸಮತೋಲಕ್ಕೆ ಅರ್ಧ ದಿನ ಹಿಡಿದರೂ ಬೇಸರಿಸಬಾರದು. ತಿರುಗುವ ಅಕ್ಷ ಬಾಡಿಯ ಗುರುತ್ವ ಕೇಂದ್ರದ ಮೂಲಕ ಹಾದುಹೋಗಬೇಕು. ಫ್ಲೋರ್ ಮತ್ತು ಎಂಜಿನ್ ಹಿಂದಿನ ತಗಡುಗೋಡೆ ಭಾರ, ಛಾವಣಿ ಹಗುರ, ಹಾಗಾಗಿ ಆ ಕೇಂದ್ರ ಕಣ್ಣಂದಾಜಿನ ನಡುವಿಗಿಂತ ಕೆಳಗಿರುತ್ತದೆ. ಅಕ್ಷ ಅದಕ್ಕಿಂತ ಮೇಲಿದ್ದರೆ ಬಾಡಿ ತಿರುಗಲು ಒಲ್ಲದೆ ಮೊದಲಿನ ಸ್ಥಿತಿಗೇ ಮರಳುತ್ತದೆ, ಕೈಸೋಲುತ್ತದೆ, ಅಷ್ಟೆ. ಕೆಳಗಿದ್ದರೆ ಅಪಾಯ. ಸ್ವಲ್ಪ ವಾಲಿಸಿದ ಕೂಡಲೇ ಇಡೀ ಬಾಡಿ ದಡಕ್ಕನೆ ತಾನೇ ಮಗುಚಿಕೊಳ್ಳುತ್ತದೆ, ಅಡ್ಡ ಬಂದ ಕೈ ಉಳಿಯುವುದಿಲ್ಲ. ಪದ್ಮಿನಿ ಹಗುರ ಕಾರು, ಎಲ್ಲ ಸೇರಿ 900 ಕಿಲೋ ಆಸುಪಾಸು, ಬರಿಯ ಬಾಡಿ ಇನ್ನೂ ಎಷ್ಟೋ ಹಗುರ ಎಂದು ಉದಾಸೀನ ಮಾಡಬಾರದು. ತೋಳಿನ ಬೋಲ್ಟು ಸಡಿಲಿಸಿ, ಜ್ಯಾಕಿನಿಂದ ತುಸುವೇ ಏರಿಸಿ ಇಳಿಸಿ, ಬಿಟ್ಟ ಕೋನದಲ್ಲೇ ಬಾಡಿ ನಿಲ್ಲುವವರೆಗೆ ಹೊಂದಿಸಬೇಕು. ಮುಂದಿನ ಮತ್ತು ಹಿಂದಿನ ತಿರುಗುಗೂಟಗಳು ಒಂದೇ ಗೆರೆಯಲ್ಲಿರಲಿ, ಇಲ್ಲವಾದರೆ ಸ್ಟ್ಯಾಂಡೇ ಬಾಡಿಯನ್ನು ತಿರುಚುತ್ತದೆ. ತಿರುಗಿಸುವಾಗ ಮುಂದೊಬ್ಬರು ಹಿಂದೊಬ್ಬರು ಇದ್ದು, ನಿಂತ ಮೇಲೆ ಎರಡೂ ತುದಿಗೆ ಲಾಕ್ ಪಿನ್ನು ಹಾಕಿದ ನಂತರವೇ ಕೈ ಬಿಡಬೇಕು. ಪೆಟ್ರೋಲ್ ಟ್ಯಾಂಕ್ ಶೆಡ್ಡಿನಿಂದಲೇ ಆಚೆ ಹೋಗಿರಲಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು.

ಹೀಗೆ ಸಿದ್ಧವಾದ ಬಾಡಿಯ ಮೇಲೆ ಕೆಲಸ ಮಾಡುವ ಸುಖ ದೊಡ್ಡದು. ಕಾರಿನಡಿ ಅಂಗಾತ ಮಲಗಿ ವೆಲ್ಡಿಂಗ್ ಮಾಡುವ ಟಿಂಕರ್ ಕೆಲಸಗಾರನ ಕುತ್ತಿಗೆ, ಕಿವಿಗಳ ಮೇಲೆ ಕಿಡಿ ಉದುರುತ್ತದೆ, ಕರಗಿದ ಲೋಹ ಕೆಳಗೆ ಜೋಲುತ್ತದೆ. ಬಾಡಿಯನ್ನು ಪಕ್ಕಕ್ಕೆ ವಾಲಿಸಿಕೊಂಡರೆ ಅದೇ ಬೆಸುಗೆ ನಿಂತಲ್ಲೇ ಸಪಾಟಾಗಿ ಕೂರುತ್ತದೆ. ಮಲೆನಾಡಿನ ಕಾಫಿ ತೋಟಗಳಿಂದ ಬರುವ ಕಾರುಗಳ ಮಡ್ಗಾರ್ಡಿನ ಹಿಂದೆ ಕೆಮ್ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಮಳೆ ನಿಂತು ತಿಂಗಳಾದರೂ ಅದರೊಳಗಿನ ತೇವ ಆರುವುದಿಲ್ಲ, ತಗಡನ್ನು ತಿನ್ನುವುದೂ ಅದೇ. ಅದನ್ನು ಕೆರೆದು, ಸ್ಯಾಂಡ್ ಬ್ಲಾಸ್ಟ್ ಮಾಡಿ (ಗಾಳಿಯ ರಭಸದಲ್ಲಿ ಮರಳು ಎರಚಿ ತುಕ್ಕು ತೆಗೆದು), ಟೊಳ್ಳುಗಳಲ್ಲಿ ಉಳಿದ ಮರಳನ್ನು ಬಾಡಿ ಉರುಳಿಸುತ್ತಾ ಸುರಿಸಿಬಿಡಬಹುದು. ಛಾವಣಿ, ಬಾನೆಟ್ಟಿನಂಥ ಅಗಲ ತಗಡಿಗೆ ಮಾತ್ರ ಮರಳಿನ ಬ್ಲಾಸ್ಟ್ ಬೇಡ, ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ. ಕೊನೆಗೆ ಟೊಳ್ಳುಗಳೊಳಗೆ ಮೇಣ ಸಿಂಪಡಿಸಿ ಬಾಡಿಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ ಅದು ಹರಿದು ಬೇರಾವ ರೀತಿಯಲ್ಲೂ ಮುಟ್ಟಲಾಗದ ಸಂದುಗಳನ್ನು ತಲುಪುತ್ತದೆ. ನೀರು ಹರಿಯುವ ತೂತುಗಳು ಮೇಣದಿಂದ ಮುಚ್ಚಿಹೋಗಿವೆಯೇ ಎಂದು ತಂತಿ ಹಾಕಿ ನೋಡುವುದನ್ನು ಮರೆಯಬಾರದು.

ಕಾಗದಪತ್ರದ ಮಾತೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಚಾಸಿಸ್, ಬಾಡಿ, ಎಂಜಿನ್ನಿನ ಮೂಲರೂಪ ಗಣನೀಯವಾಗಿ ಬದಲಾಗಿರಬಾರದು. 1970ರ ದಶಕದ ಮೊದಲರ್ಧದ ಕಾರುಗಳು ಈಗ ಆ ವಯಸ್ಸಿಗೆ ಬಂದಿವೆ. ಆದ್ದರಿಂದ ಚಾಸಿಸ್ ನಂಬರು ಕೊರೆದಿರುವ ತಗಡಿನ ಹತ್ತಿರ ಗ್ರೈಂಡರ್ ಒಯ್ಯುವ ಮುನ್ನ ಅದರ ಮೇಲೆ ಟೇಪು ಅಂಟಿಸಿ, ಫೋಟೊ ತೆಗೆದಿಡಿ. ಬ್ಲಾಸ್ಟ್ ಮಾಡುವವರಿಗೂ ಆ ಜಾಗವನ್ನು ಬೆರಳಿಟ್ಟು ತೋರಿಸಿ.

ಒಂದೇ ಕಾರಿಗಾಗಿ ರೋಟಿಸರಿ ಮಾಡಿಸಬೇಕೇ ಎಂದು ಮನೆಯ ಹಿತ್ತಿಲಲ್ಲೇ ಕೆಲಸ ಮಾಡುವ ಹವ್ಯಾಸಿಗಳು ಕೇಳುತ್ತಾರೆ. ತಳದಲ್ಲಿ ಅಲ್ಲೊಂದು ಇಲ್ಲೊಂದು ತೇಪೆ ಮಾತ್ರ ಸಾಕಾದರೆ ಖಂಡಿತ ಬೇಡ, ಎತ್ತರದ ಗಟ್ಟಿ ಸ್ಟ್ಯಾಂಡುಗಳ ಮೇಲಿಟ್ಟು ಮುಗಿಸಬಹುದು. ಪೂರ್ತಿ ಫ್ಲೋರ್ ಬದಲಿಸಿ ತಳಕ್ಕೆಲ್ಲ ಬಣ್ಣ ಕೊಡುವವರಿದ್ದರೆ ಮಾಡಿಸಿ. ಅಳತೆ ಹೊಂದಿಸುವಂಥ ತೋಳುಗಳಿದ್ದರೆ, ನಿಮ್ಮ ಕೆಲಸವಾದ ಮೇಲೆ ಅದೇ ಸ್ಟ್ಯಾಂಡು ಗೆಳೆಯರ ಅಂಬಾಸಿಡರಿಗೂ ಆಗುತ್ತದೆ.