ಥೋಥ್ ಟ್ಯಾರೋ: ಕ್ರೌಲಿಯ ಅಪಖ್ಯಾತಿಯೂ ಹ್ಯಾರಿಸ್‌ರ ಚಿತ್ರಗಳೂ

ಭವಿಷ್ಯ ನೋಡಲು ಬಳಸುವ ಚಿತ್ರದೆಲೆಗಳಾದ ಟ್ಯಾರೋ ಕಲಿಯಬೇಕೆಂದು ಹೊರಟವರು ಮೊದಲು ಎದುರಿಸುವ ಪ್ರಶ್ನೆ ಯಾವ ಡೆಕ್, ಅಂದರೆ ಕಾರ್ಡುಗಳ ಕಟ್ಟು, ಕೊಳ್ಳಬೇಕು ಎಂಬುದು. ಸಾಮಾನ್ಯವಾಗಿ ಚಿತ್ರಗಳ ಶೈಲಿ, ಕಾರ್ಡುಗಳ ಗಾತ್ರ, ಜೊತೆಗೆ ಸಿಗುವ ಪುಸ್ತಕ ಇವುಗಳನ್ನು ನೋಡಿದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಥೋಥ್ ಡೆಕ್‌ನ ಹೆಸರು ಬಂದಾಗ ಮಾತ್ರ ಮಾತು ಬೇರೆ ಕಡೆಗೆ ಹೊರಳುತ್ತದೆ. ಅದನ್ನು ರೂಪಿಸಿದ ಇಂಗ್ಲೆಂಡಿನ ಗುಪ್ತವಿದ್ಯಾ ಸಾಧಕ ಅಲಿಸ್ಟರ್ ಕ್ರೌಲಿ ಎಂಥವನು, ಅವನ ಹೆಸರು ಹೊತ್ತ ಕಾರ್ಡುಗಳನ್ನು ಮನೆಗೆ ತರಬಹುದೇ, ತಂದರೆ ಅವನ ಮತವನ್ನು ಒಪ್ಪಿದಂತಾಗುವುದೇ ಎಂಬ ವಾದ ಶುರುವಾಗುತ್ತದೆ. ಈ ವಾದಕ್ಕೆ ಅರ್ಧ ಶತಮಾನಕ್ಕೂ ಮಿಕ್ಕ ವಯಸ್ಸಾಗಿದೆ. ಇತ್ತೀಚಿನ ವರ್ಷಗಳಲ್ಲಿ, ಇನ್ನೂ ಬದುಕಿರುವ ಡೆಕ್ ರಚನಕಾರರ ಮೇಲಿನ ಆಕ್ಷೇಪಗಳೂ ಅದರೊಳಗೆ ಸೇರಿಕೊಂಡಿರುವುದರಿಂದ, ಯಾರು ಯಾವುದನ್ನು ವಿರೋಧಿಸುತ್ತಿದ್ದಾರೆ ಎಂದು ಬಿಡಿಸಿ ನೋಡುವುದೇ ಕಷ್ಟವಾಗಿದೆ.

ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟದ ಎಲೆಗಳಾಗಿ ಹುಟ್ಟಿದ ಟ್ಯಾರೋವನ್ನು 1781ರಲ್ಲಿ ಫ್ರಾನ್ಸಿನ ಆಂತ್ವಾನ್ ಕೂರ್ ದ ಜೆಬೆಲ್ಯಾಂ ಯಾವ ಆಧಾರವೂ ಇಲ್ಲದೆ ಪ್ರಾಚೀನ ಈಜಿಪ್ಟಿನ ಜ್ಞಾನವೆಂದು ಸಾರಿದರು. ಮುಂದಿನ ಶತಮಾನದಲ್ಲಿ ಎಲಿಫಾಸ್ ಲೆವಿ ಅದರ 22 ತುರುಪಿನ ಎಲೆಗಳನ್ನು ಹೀಬ್ರೂ ಲಿಪಿಯ 22 ಅಕ್ಷರಗಳಿಗೆ ಜೋಡಿಸಿದರು. 1888ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೋಲ್ಡನ್ ಡಾನ್ ಎಂಬ ಗುಪ್ತ ಸಂಘ ಇವೆಲ್ಲವನ್ನೂ ಒಂದು ಪದ್ಧತಿಯಾಗಿ ಕಟ್ಟಿತು. ಇಂದು ಹೆಚ್ಚು ಬಳಕೆಯಲ್ಲಿರುವ ಎರಡು ಡೆಕ್‌ಗಳ ಬೇರು ಈ ಸಂಘದಲ್ಲಿದೆ. ಮೊದಲನೆಯದು ಆರ್ಥರ್ ಎಡ್ವರ್ಡ್ ವೇಟ್ ರೂಪಿಸಿ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿ, 1909ರಲ್ಲಿ ಪ್ರಕಟವಾದ ಡೆಕ್. ಸ್ಮಿತ್ ತಮ್ಮ ಹೆಸರಿನ ಮೊದಲಕ್ಷರಗಳ ಗುರುತನ್ನು ಚಿತ್ರಗಳಲ್ಲೇ ಇಟ್ಟಿದ್ದರೂ ಅದು ದಶಕಗಳ ಕಾಲ ಪ್ರಕಾಶಕರಾದ ರೈಡರ್ ಮತ್ತು ವೇಟ್ ಅವರ ಹೆಸರಿನಲ್ಲೇ ನಡೆಯಿತು. 1951ರಲ್ಲಿ ಆಕೆ ಬಡತನದಲ್ಲಿ ತೀರಿಕೊಂಡರು. ಎರಡನೆಯದಾದ ಥೋಥ್ ಡೆಕ್‌ನ ಕಥೆಯನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಕ್ರೌಲಿ 1875ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1898ರಲ್ಲಿ ಗೋಲ್ಡನ್ ಡಾನ್ ಸೇರಿ, ಬಹುಬೇಗ ಅಲ್ಲಿ ಜಗಳವಾಡಿ ಹೊರಬಿದ್ದು, 1904ರಲ್ಲಿ ಕೈರೋದಲ್ಲಿ ತನಗೆ ಒಂದು ಗ್ರಂಥ ಶ್ರುತವಾಯಿತೆಂದು ಹೇಳಿ ಅದರ ಮೇಲೆ ಥೆಲೆಮಾ ಎಂಬ ಮತವನ್ನು ಕಟ್ಟಿದ. 1920ರಲ್ಲಿ ಸಿಸಿಲಿಯ ಚೆಫಲೂ ಎಂಬ ಊರಿನಲ್ಲಿ ಆತ ಆರಂಭಿಸಿದ ಆಶ್ರಮದಲ್ಲಿ 1923ರಲ್ಲಿ ರೌಲ್ ಲವ್‌ಡೇ ಎಂಬ ಯುವ ಶಿಷ್ಯ ತೀರಿಕೊಂಡ. ಕಲುಷಿತ ನೀರಿನಿಂದ ಬಂದ ಕರುಳಿನ ಸೋಂಕು ಅದಕ್ಕೆ ಕಾರಣವೆಂದು ಜೀವನಚರಿತ್ರೆಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಬ್ರಿಟನ್ನಿನ ಪತ್ರಿಕೆಗಳು ಮಾತ್ರ ಅಲ್ಲಿ ನಡೆದದ್ದನ್ನು ಪೈಶಾಚಿಕ ಕೃತ್ಯಗಳ ಸರಣಿಯಾಗಿ ವರ್ಣಿಸಿದವು. ಜಾನ್ ಬುಲ್ ಪತ್ರಿಕೆ ಆತನನ್ನು ಜಗತ್ತಿನ ಅತ್ಯಂತ ದುಷ್ಟ ಮನುಷ್ಯ ಎಂದು ಕರೆಯಿತು. ಅದೇ ವರ್ಷ ಇಟಲಿ ಸರ್ಕಾರ ಆತನನ್ನು ದೇಶದಿಂದ ಹೊರಹಾಕಿತು.

ಆ ಪಟ್ಟ ಇಂದಿಗೂ ಆತನಿಗೆ ಅಂಟಿಕೊಂಡಿದೆ, ಮತ್ತು ಗೋಜಲಿನ ಒಂದು ದೊಡ್ಡ ಭಾಗ ಇಲ್ಲಿಂದಲೇ ಬಂದದ್ದು. ಕ್ರೌಲಿಯನ್ನು ಸೈತಾನನ ಆರಾಧಕನೆಂದು ದೂರವಿಡುವವರೂ, ಕಟ್ಟುಪಾಡು ಮುರಿದ ಬಂಡಾಯಗಾರನೆಂದು ಮೆಚ್ಚುವವರೂ ನೋಡುತ್ತಿರುವುದು ಆ ಕಾಲದ ಪತ್ರಿಕೆಗಳು ಬರೆದ ಚಿತ್ರವನ್ನೇ. ಆತನದೇ ಬರಹಗಳಲ್ಲಿ ಎದ್ದು ಕಾಣುವ ಜನಾಂಗದ್ವೇಷ, ಯೆಹೂದಿಗಳ ಬಗೆಗಿನ ತಿರಸ್ಕಾರ, ಹೆಂಗಸರ ಕುರಿತ ಕೀಳು ಮಾತುಗಳು, ಹತ್ತಿರದವರನ್ನು ಆತ ನಡೆಸಿಕೊಂಡ ರೀತಿ ಇವುಗಳಿಗೆ ಯಾವ ಉತ್ಪ್ರೇಕ್ಷೆಯೂ ಬೇಕಿಲ್ಲ; ಆಕ್ಷೇಪಕ್ಕೆ ಗಟ್ಟಿಯಾದ ನೆಲೆ ಇರುವುದೂ ಅಲ್ಲಿಯೇ. ದೆವ್ವದ ಕಥೆಗಳ ಗದ್ದಲದಲ್ಲಿ ಈ ಸಾಕ್ಷ್ಯದ ಕಡೆಗೆ ಬಹುಕಾಲ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ಕ್ರೌಲಿ 1934ರಲ್ಲಿ ಒಂದು ಮಾನನಷ್ಟ ಮೊಕದ್ದಮೆಯನ್ನು ಸೋತು, 1935ರಲ್ಲಿ ದಿವಾಳಿಯಾದ. ಥೋಥ್ ಡೆಕ್‌ನ ಚಿತ್ರಗಳನ್ನು ಬರೆದ ಫ್ರೀಡಾ ಹ್ಯಾರಿಸ್ ಆತನನ್ನು ಭೇಟಿಯಾದದ್ದು ಇದಾದ ಮೇಲೆ, 1937ರಲ್ಲಿ. ಆಗ ಆಕೆಗೆ ಅರವತ್ತು ವರ್ಷ. ಪತಿ ಪರ್ಸಿ ಹ್ಯಾರಿಸ್ ಲಿಬರಲ್ ಪಕ್ಷದ ಸಂಸದ. ಹಳೆಯ ಡೆಕ್‌ನ ವಿನ್ಯಾಸವನ್ನು ಒಂದಿಷ್ಟು ತಿದ್ದಿ ಕೆಲವೇ ತಿಂಗಳಲ್ಲಿ ಮುಗಿಸಬೇಕೆಂಬುದು ಕ್ರೌಲಿಯ ಎಣಿಕೆಯಾಗಿತ್ತು. ಹಾಗೆ ಮಾಡದೆ, ತನ್ನ ಅಧ್ಯಯನವನ್ನೆಲ್ಲ ತುಂಬಿ ಪ್ರತಿಯೊಂದು ಕಾರ್ಡನ್ನೂ ಹೊಸದಾಗಿ ರೂಪಿಸಬೇಕೆಂದು ಒತ್ತಾಯಿಸಿದವರು ಹ್ಯಾರಿಸ್. ಕೆಲಸ 1938ರಿಂದ 1943ರವರೆಗೆ, ಅಂದರೆ ಬಹುಪಾಲು ಯುದ್ಧದ ನಡುವೆಯೇ, ನಡೆಯಿತು. ಈ ಅವಧಿಯಲ್ಲಿ ಕ್ರೌಲಿಗೆ ನಿಯಮಿತವಾಗಿ ಹಣ ಕೊಡುತ್ತಿದ್ದವರೂ, ಪ್ರದರ್ಶನಗಳಿಗಾಗಿ ಪರಿಚಯದವರ ನೆರವು ಹುಡುಕಿದವರೂ ಆಕೆಯೇ.

ಚಿತ್ರಗಳನ್ನು ನೋಡಿದರೆ ಆಕೆಯ ಪಾಲು ಇನ್ನೂ ಸ್ಪಷ್ಟವಾಗುತ್ತದೆ. ಅಧ್ಯಾತ್ಮ ಚಿಂತಕ ರುಡಾಲ್ಫ್ ಸ್ಟೈನರ್ ಅನುಯಾಯಿಗಳಿಂದ ಹ್ಯಾರಿಸ್ ಪ್ರೊಜೆಕ್ಟಿವ್ ಜ್ಯಾಮಿತಿಯನ್ನು, ಅಂದರೆ ನೋಡುವ ನೆಲೆ ಬದಲಾದಾಗ ಆಕೃತಿಗಳು ಹೇಗೆ ಮಾರ್ಪಡುತ್ತವೆ ಎಂಬುದರ ಗಣಿತವನ್ನು, ಕಲಿತಿದ್ದರು. ಥೋಥ್ ಕಾರ್ಡುಗಳಲ್ಲಿ ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು, ಬಲೆಯಂತೆ ಹಬ್ಬಿದ ರೇಖೆಗಳು, ಆಕೃತಿಯ ಒಳಗೂ ಹಿಂದೂ ಏಕಕಾಲಕ್ಕೆ ಕಾಣುವಂತಹ ತಿಳಿಯಾದ ಬಣ್ಣದ ಪದರಗಳು ಬಂದದ್ದು ಆ ಕಲಿಕೆಯಿಂದ. ಕ್ರೌಲಿಗೆ ಅಂಥ ಚಿತ್ರ ಬರೆಯುವ ಕೈ ಇರಲಿಲ್ಲ. ಕೆಲವು ಕಾರ್ಡುಗಳನ್ನು ಆಕೆ ಎಂಟು ಸಲದವರೆಗೂ ಮತ್ತೆ ಬರೆದರೆಂದು ಕ್ರೌಲಿಯೇ ಡೆಕ್ ಕುರಿತ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಐದು ವರ್ಷಗಳ ಇಂಥ ದುಡಿಮೆಯನ್ನು ಬದಿಗಿಟ್ಟು ಡೆಕ್ ಅನ್ನು ಒಬ್ಬನದೆಂದು ಹೇಳುವುದು ನ್ಯಾಯವಲ್ಲ. ಕ್ರೌಲಿಯ ಕಾರಣಕ್ಕೆ ಅದನ್ನು ತಿರಸ್ಕರಿಸುವವರೂ ಅವನ ಕಾರಣಕ್ಕೇ ಕೊಳ್ಳುವವರೂ ಆ ತಪ್ಪನ್ನು ಸಮನಾಗಿ ಮಾಡುತ್ತಾ ಬಂದಿದ್ದಾರೆ.

ಹಾಗೆಂದು ಚಿತ್ರಗಳನ್ನು ಕ್ರೌಲಿಯ ಮತದಿಂದ ಪೂರ್ತಿ ಬೇರ್ಪಡಿಸಲಾಗದು. ಹಳೆಯ ಡೆಕ್‌ಗಳಲ್ಲಿ ಸತ್ತವರು ಸಮಾಧಿಯಿಂದ ಏಳುವ ಕ್ರೈಸ್ತ ಅಂತಿಮ ತೀರ್ಪಿನ ದೃಶ್ಯವಿದ್ದ ಇಪ್ಪತ್ತನೆಯ ತುರುಪಿನಲ್ಲಿ ಇಲ್ಲಿ ಥೆಲೆಮಾದ ಹೊಸ ಯುಗವನ್ನು ಸೂಚಿಸುವ ಈಜಿಪ್ಟಿನ ದೇವತೆಗಳಿದ್ದಾರೆ; ಸಿಂಹವನ್ನು ಪಳಗಿಸುವ ಶಾಂತ ಸ್ತ್ರೀಯ ಕಾರ್ಡಿನಲ್ಲಿ ಹಲವು ತಲೆಗಳ ಮೃಗವನ್ನೇರಿದ ಥೆಲೆಮಾದ ದೇವಿ ಬಬಲಾನ್ ಬಂದಿದ್ದಾಳೆ. ಇದನ್ನು ಅರಿಯದೆ ಕೊಂಡವರು ಮುಂದೆ ಅರ್ಥ ಹುಡುಕುವಾಗ ಕ್ರೌಲಿಯ ಪುಸ್ತಕದ ಬಾಗಿಲಿಗೇ ಬರಬೇಕಾಗುತ್ತದೆ. ಕರ್ತೃವಿನ ಕೆಟ್ಟತನ ಕಾರ್ಡಿನ ಕಾಗದಕ್ಕೆ ಅಂಟಿರುತ್ತದೆ ಎಂಬ ಭಯಕ್ಕಿಂತ ಈ ಆಕ್ಷೇಪಕ್ಕೆ ತೂಕ ಹೆಚ್ಚು, ಏಕೆಂದರೆ ಇದನ್ನು ಕಣ್ಣಾರೆ ನೋಡಿ ಪರೀಕ್ಷಿಸಬಹುದು.

ಡೆಕ್ ಕುರಿತ ಕ್ರೌಲಿಯ ಗ್ರಂಥ 1944ರಲ್ಲಿ ಕೇವಲ 200 ಪ್ರತಿಗಳಲ್ಲಿ ಹೊರಬಂತು. ಆತ 1947ರಲ್ಲಿ ತೀರಿಕೊಂಡ. ಹ್ಯಾರಿಸ್ ಪತಿಯ ಮರಣಾನಂತರ ಭಾರತಕ್ಕೆ ಹೋಗಿ 1962ರಲ್ಲಿ ಶ್ರೀನಗರದಲ್ಲಿ ತೀರಿಕೊಂಡರು. ಇಬ್ಬರೂ ಡೆಕ್ ಅಚ್ಚಾದದ್ದನ್ನು ನೋಡಲಿಲ್ಲ. ಆಮೇಲೆ ಕಾಲ ಬದಲಾಯಿತು; 1967ರಲ್ಲಿ ಬೀಟಲ್ಸ್ ತಂಡ ತನ್ನ ಆಲ್ಬಮ್ಮಿನ ಮುಖಪುಟದಲ್ಲಿ ಕ್ರೌಲಿಯ ಮುಖವನ್ನೂ ಸೇರಿಸಿತು. ಎರಡು ವರ್ಷದ ನಂತರ ಡೆಕ್ ಮೊದಲ ಬಾರಿಗೆ ಅಚ್ಚಾಯಿತು. ಬಣ್ಣಗಳು ಚೆನ್ನಾಗಿ ಬಂದಿರಲಿಲ್ಲ; 1970ರ ದಶಕದಲ್ಲಿ ಮೂಲಚಿತ್ರಗಳನ್ನು ಮತ್ತೆ ಛಾಯಾಚಿತ್ರ ತೆಗೆಸಿದ ಮೇಲೆ ಹ್ಯಾರಿಸ್ ಕೆಲಸ ಜನರಿಗೆ ಸರಿಯಾಗಿ ಕಂಡಿತು. ಆಗಲೂ ಮಾರಾಟಕ್ಕೆ ನೆರವಾದದ್ದು ಕ್ರೌಲಿಯ ಹೆಸರು. ಒಮ್ಮೆ ಜನರನ್ನು ದೂರವಿಟ್ಟ ಅಪಖ್ಯಾತಿಯೇ ಈಗ ಅವರನ್ನು ಸೆಳೆಯತೊಡಗಿತು.

ಇತ್ತೀಚಿನ ಹಂತ ಬೇರೆಯೇ ಬಗೆಯದು. 2009ರಲ್ಲಿ ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಬಂದ ಮೇಲೆ ಓದುಗರಿಂದಲೇ ಮುಂಗಡ ಹಣ ಪಡೆದು ಸ್ವತಂತ್ರವಾಗಿ ಡೆಕ್ ಮುದ್ರಿಸುವವರು ಹೆಚ್ಚಿದರು. ಅದರೊಂದಿಗೆ ಬೇರೆಯವರ ಚಿತ್ರ ನಕಲು ಮಾಡಿದ, ಹಣ ಪಡೆದು ಡೆಕ್ ಕಳುಹಿಸದ, ಇತರ ಸಮುದಾಯಗಳ ಪವಿತ್ರ ಸಂಕೇತಗಳನ್ನು ಕೇಳದೆ ಬಳಸಿದ, ದ್ವೇಷದ ಮಾತಾಡಿದ ಆರೋಪಗಳೂ ಬಂದವು. ಇಂಥ ಕಡೆ ಕೊಟ್ಟ ಹಣ ಬದುಕಿರುವ ವ್ಯಕ್ತಿಯ ಕೈಸೇರುತ್ತದೆ, ಕೊಳ್ಳದಿರುವ ನಿರ್ಧಾರ ಅವರಿಗೆ ತಟ್ಟುತ್ತದೆ. ಈ ಲೆಕ್ಕವನ್ನು ಹಾಗೆಯೇ ಕ್ರೌಲಿಗೆ ಅನ್ವಯಿಸಲಾಗದು. ಆತ ಸತ್ತು ಎಷ್ಟೋ ಕಾಲವಾಯಿತು, ಡೆಕ್‌ನ ಆದಾಯ ಹೋಗುವುದು ಪ್ರಕಾಶಕರಿಗೆ ಮತ್ತು ಕ್ರೌಲಿಯ ಮತವನ್ನು ಅನುಸರಿಸುವ ಹಕ್ಕುದಾರರಿಗೆ. ಆ ಹಕ್ಕುದಾರರ ನಂಬಿಕೆಯನ್ನು ಬೆಂಬಲಿಸಲು ಮನಸ್ಸಿಲ್ಲದವರು, ಚಿತ್ರಗಳು ಬೇಕೆನಿಸಿದರೆ, ಬಳಸಿದ ಪ್ರತಿಯನ್ನು ಕೊಳ್ಳುವ ದಾರಿ ಹಿಡಿದಿದ್ದಾರೆ. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣುವುದಿಲ್ಲ.

ಕಾನೂನು ಕೂಡ ಈ ಚಿತ್ರಗಳಲ್ಲಿ ಹ್ಯಾರಿಸ್‌ರ ಕೈಯನ್ನು ಮರೆತಿಲ್ಲ. ಬ್ರಿಟನ್ನಿನಲ್ಲಿ ಕೃತಿಸ್ವಾಮ್ಯ ಕರ್ತೃವಿನ ಮರಣದ ನಂತರ 70 ವರ್ಷ ಇರುವುದರಿಂದ ಕ್ರೌಲಿ ತನ್ನ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳ ಅವಧಿ 2017ರ ಕೊನೆಗೇ ಮುಗಿದಿದೆ. ಹ್ಯಾರಿಸ್ ಬರೆದ ಚಿತ್ರಗಳದು 2032ರ ಕೊನೆಯವರೆಗೂ ಇದೆ. ಆ ಬಳಿಕ ಅಲ್ಲಿ ಯಾರು ಬೇಕಾದರೂ ಅವುಗಳನ್ನು ಮುದ್ರಿಸಬಹುದು, ಪೆಟ್ಟಿಗೆಯ ಮೇಲೆ ಯಾರ ಹೆಸರನ್ನು ಮೊದಲು ಹಾಕಬೇಕೆಂದು ತಾವೇ ನಿರ್ಧರಿಸಬಹುದು. ಹಣ ಯಾರಿಗೆ ಸೇರುತ್ತದೆ ಎಂಬ ಪ್ರಶ್ನೆ ಆಗ ಬಹುಮಟ್ಟಿಗೆ ಉಳಿಯುವುದಿಲ್ಲ. ಇಪ್ಪತ್ತನೆಯ ತುರುಪಿನಲ್ಲಿರುವ ದೇವತೆಗಳನ್ನು ತಾವು ಒಪ್ಪುತ್ತೇವೆಯೇ ಎಂಬ ಪ್ರಶ್ನೆ ಮಾತ್ರ ಆಗಲೂ ಕೊಳ್ಳುವವರ ಪಾಲಿಗೆ ಇದ್ದೇ ಇರುತ್ತದೆ.